ಲಿನಕ್ಸ್ ಡೆಸ್ಕ್‌ಟಾಪ್‌ನ ಐಕಾನ್ ಥೀಮ್ ತಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಐಕಾನ್ ಥೀಮ್ ಬದಲಾಯಿಸಿದ ಮೇಲೆ ಅರ್ಧ ಆಪ್‌ಗಳು ಹೊಸ ರೂಪಕ್ಕೆ ಬಂದು ಉಳಿದರ್ಧ ಹಾಗೇ ಉಳಿಯುವುದು, ಟೂಲ್‌ಬಾರ್‌ನಲ್ಲಿ ಖಾಲಿ ಬಟನ್ ಕಾಣುವುದು, ಕಪ್ಪು ಪ್ಯಾನೆಲ್ ಮೇಲೆ ಕಪ್ಪು ಐಕಾನ್ ಮುಳುಗಿಹೋಗುವುದು ಲಿನಕ್ಸ್ ಬಳಸುವ ಎಲ್ಲರಿಗೂ ಗೊತ್ತಿರುವ ತೊಂದರೆಗಳು. ಇವುಗಳಲ್ಲಿ ಹೆಚ್ಚಿನವು ಬಗ್‌ಗಳಲ್ಲ. ಗ್ನೋಮ್, ಕೆಡಿಇ ಎಂಬ ಎರಡು ಮುಖ್ಯ ಡೆಸ್ಕ್‌ಟಾಪ್‌ಗಳ ತಂಡಗಳು, ಡಿಸ್ಟ್ರೋ (ಉಬುಂಟು, ಡೆಬಿಯನ್ ತರಹದ ಲಿನಕ್ಸ್ ವಿತರಣೆ) ತಂಡಗಳು, ಥೀಮ್ ಬರೆಯುವವರು ಇಷ್ಟು ಜನರ ನಡುವೆ ಇಪ್ಪತ್ತು ವರ್ಷಗಳಿಂದ ಇತ್ಯರ್ಥವಾಗದೆ ಉಳಿದ ಭಿನ್ನಾಭಿಪ್ರಾಯದ ಫಲ. ಆ ಭಿನ್ನಾಭಿಪ್ರಾಯ ಏನು, ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಐಕಾನ್ ಥೀಮ್ ಅಂದರೆ ಬರೀ ಚಿತ್ರಗಳ ಫೋಲ್ಡರ್ ತಾನೇ?

ಹೆಚ್ಚೂಕಡಿಮೆ ಹೌದು. ಗಾತ್ರಕ್ಕೊಂದು, ಬಗೆಗೊಂದು ಒಳಫೋಲ್ಡರ್, ಅವುಗಳಲ್ಲಿ ಪಿಎನ್‌ಜಿ (ಪಿಕ್ಸೆಲ್ ಚಿತ್ರ) ಅಥವಾ ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಚಿತ್ರ) ಫೈಲುಗಳು, ಜೊತೆಗೆ ‘ಇಂಡೆಕ್ಸ್.ಥೀಮ್’ ಎಂಬ ಒಂದು ಪಠ್ಯ ಫೈಲು. ಯಾವ ಫೋಲ್ಡರ್‌ನಲ್ಲಿ ಯಾವ ಗಾತ್ರದ ಐಕಾನ್ ಇದೆ, ಅದನ್ನು ಹಿಗ್ಗಿಸಬಹುದೋ ಇಲ್ಲವೋ, ಇಲ್ಲಿ ಸಿಗದಿದ್ದರೆ ಮುಂದೆ ಯಾವ ಥೀಮ್‌ನಲ್ಲಿ ಹುಡುಕಬೇಕು ಎಂಬುದೆಲ್ಲ ಆ ಫೈಲಿನಲ್ಲಿರುತ್ತದೆ. ಮುಖ್ಯ ಸಂಗತಿ ಇಷ್ಟು: ಆಪ್ ಒಂದು ಹೆಸರನ್ನು ಕೇಳುತ್ತದೆ, ಉದಾಹರಣೆಗೆ ‘ಡಾಕ್ಯುಮೆಂಟ್-ಸೇವ್’. ಆ ಹೆಸರಿಗೆ ಯಾವ ಚಿತ್ರ ಅನ್ನುವುದು ಥೀಮ್‌ಗೆ ಬಿಟ್ಟದ್ದು.

ಐಕಾನ್ ಥೀಮ್ ಹೀಗಿರಬೇಕೆಂಬ ಮಾನದಂಡವನ್ನು ಮಾಡಿದವರು ಯಾರು?

ಫ್ರೀಡೆಸ್ಕ್‌ಟಾಪ್.ಆರ್ಗ್. ರೆಡ್ ಹ್ಯಾಟ್‌ನಲ್ಲಿದ್ದ ಹ್ಯಾವೊಕ್ ಪೆನ್ನಿಂಗ್‌ಟನ್ 2000ದಲ್ಲಿ ಇದನ್ನು ಶುರು ಮಾಡಿದರು. ಬೇರೆ ಬೇರೆ ಡೆಸ್ಕ್‌ಟಾಪ್‌ಗಳು ಒಂದೇ ಗಣಕದಲ್ಲಿ ಹೊಂದಿಕೊಂಡು ಹೋಗಲಿ ಎಂಬುದು ಉದ್ದೇಶ. ಇದಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಒಪ್ಪಿದವರು ಪಾಲಿಸುತ್ತಾರೆ, ಒಪ್ಪದವರನ್ನು ಕೇಳುವವರಿಲ್ಲ. ಮುಂದೆ ಬರುವ ಎಲ್ಲ ಜಗಳಕ್ಕೂ ಈ ಒಂದು ಸಂಗತಿ ಹಿನ್ನೆಲೆ.

ಐಕಾನ್‌ಗೆ ಸಂಬಂಧಿಸಿ ಎರಡು ದಾಖಲೆಗಳಿವೆ. ಮೊದಲನೆಯದು ಥೀಮ್ ಮಾನದಂಡ: ಐಕಾನ್ ಎಲ್ಲಿ, ಹೇಗೆ ಹುಡುಕಬೇಕು ಎನ್ನುವುದು. ಎರಡನೆಯದು ಹೆಸರುಗಳ ಮಾನದಂಡ: ಯಾವುದನ್ನು ಏನೆಂದು ಕರೆಯಬೇಕು ಎನ್ನುವುದು. ಎರಡನೆಯದು 2005ರಲ್ಲಿ ಶುರುವಾದ, ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಒಂದೇ ಶೈಲಿಯ ಐಕಾನ್ ಬರೆಯುವ ಟ್ಯಾಂಗೊ ಯೋಜನೆಯ ಜೊತೆಜೊತೆಗೆ ಬೆಳೆದದ್ದು. ಅದಕ್ಕೂ ಮೊದಲು ‘ಉಳಿಸು’ ಬಟನ್‌ಗೆ ಕೆಡಿಇಯಲ್ಲಿ ‘ಫೈಲ್‌ಸೇವ್’, ಜಿಟಿಕೆಯಲ್ಲಿ (ಗ್ನೋಮ್ ಆಪ್‌ಗಳನ್ನು ಕಟ್ಟುವ ಪರಿಕರ) ‘ಜಿಟಿಕೆ-ಸೇವ್’, ಗ್ನೋಮ್‌ನ ಕೆಲವು ಕಡೆ ‘ಸ್ಟಾಕ್_ಸೇವ್’ ಎಂಬ ಹೆಸರುಗಳಿದ್ದವು. ಒಂದೇ ಥೀಮ್ ಎರಡೂ ಡೆಸ್ಕ್‌ಟಾಪ್‌ಗಳಲ್ಲಿ ನಡೆಯಬೇಕಾದರೆ ಒಂದೇ ಚಿತ್ರಕ್ಕೆ ಮೂರು ನಾಲ್ಕು ಹೆಸರಿನ ಲಿಂಕ್ ಮಾಡಬೇಕಿತ್ತು. ಟ್ಯಾಂಗೊದವರು ಅದಕ್ಕಾಗಿಯೇ ಒಂದು ಸ್ಕ್ರಿಪ್ಟ್ ಕೊಟ್ಟಿದ್ದರು. 2008ರ ಜನವರಿಯಲ್ಲಿ ಬಂದ ಕೆಡಿಇ 4, ಅದರ ಆಕ್ಸಿಜನ್ ಐಕಾನ್‌ಗಳ ಜೊತೆ, ಹೊಸ ಹೆಸರುಗಳಿಗೆ ಬಂತು. ಗ್ನೋಮ್ ಕೂಡ ಬಂತು. ಒಂದಷ್ಟು ವರ್ಷ ಎಲ್ಲರೂ ನಿಜವಾಗಿ ಒಂದೇ ಪಟ್ಟಿ ನೋಡಿ ಕೆಲಸ ಮಾಡಿದರು. ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ಅದೊಂದು ದೊಡ್ಡ ಸಾಧನೆ ಎಂದೇ ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಜಗಳವೇ ಇರಲಿಲ್ಲವೇ?

ಇತ್ತು. 2002ರ ಸೆಪ್ಟೆಂಬರ್‌ನಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 8.0 ನೆನಪಿಸಿಕೊಳ್ಳಿ. ಬ್ಲೂಕರ್ವ್ ಎಂಬ ಒಂದೇ ಥೀಮನ್ನು, ಒಂದೇ ಐಕಾನ್‌ಗಳನ್ನು ಗ್ನೋಮ್‌ಗೂ ಕೆಡಿಇಗೂ ಹಾಕಿದರು. ಬಳಸುವವರಿಗೆ ಎರಡೂ ಒಂದೇ ತರಹ ಕಾಣಲಿ ಎಂಬುದು ಡಿಸ್ಟ್ರೋದ ವಾದ. ನಮ್ಮ ಕೆಲಸದ ಗುರುತನ್ನೇ ಅಳಿಸಿಹಾಕಿದರು ಎಂಬುದು ಕೆಡಿಇ ಕಡೆಯವರ ಸಿಟ್ಟು. ಇವತ್ತು ಗ್ನೋಮ್ ಆಪ್ ಬರೆಯುವವರು ಡಿಸ್ಟ್ರೋಗಳಿಗೆ ಹೇಳುತ್ತಿರುವುದೂ ಬಹುಮಟ್ಟಿಗೆ ಅದನ್ನೇ.

ಆಪ್ ಒಂದು ಐಕಾನ್ ಕೇಳಿದಾಗ ಒಳಗೆ ಏನಾಗುತ್ತದೆ?

ಇದನ್ನು ಹಂತಹಂತವಾಗಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಒಂದು ಎಡಿಟರ್ 22 ಪಿಕ್ಸೆಲ್ ಗಾತ್ರದಲ್ಲಿ ‘ಡಾಕ್ಯುಮೆಂಟ್-ಸೇವ್’ ಕೇಳಿತು ಎಂದಿಟ್ಟುಕೊಳ್ಳಿ.

ಮೊದಲು ನೀವು ಆರಿಸಿದ ಥೀಮ್‌ನ ಫೋಲ್ಡರ್‌ಗಳಲ್ಲಿ 22ಕ್ಕೆ ಹೊಂದುವುದು ಯಾವುದು ಎಂದು ನೋಡುತ್ತದೆ. ಫೋಲ್ಡರ್‌ಗಳಲ್ಲಿ ಮೂರು ಬಗೆ. ‘ಫಿಕ್ಸೆಡ್’ ಆದರೆ ಗಾತ್ರ ತಾಳೆಯಾಗಲೇಬೇಕು. ‘ಸ್ಕೇಲಬಲ್’ ಆದರೆ ಕನಿಷ್ಠ ಗರಿಷ್ಠಗಳ ನಡುವೆ ಇದ್ದರೆ ಸಾಕು. ‘ಥ್ರೆಶೋಲ್ಡ್’ ಆದರೆ ಸ್ವಲ್ಪ ಆಚೀಚೆ ನಡೆಯುತ್ತದೆ. ಬೇರೆ ಹೇಳದಿದ್ದರೆ ಆ ಅಂತರ 2 ಪಿಕ್ಸೆಲ್. ಹಾಗಾಗಿ 24ರ ಫೋಲ್ಡರ್ 22ನ್ನೂ ಪೂರೈಸಬಲ್ಲದು.

ಯಾವುದೂ ಹೊಂದದಿದ್ದರೆ ಅದೇ ಥೀಮ್‌ನಲ್ಲಿ ಅತಿ ಹತ್ತಿರದ ಗಾತ್ರವನ್ನು ಎತ್ತಿಕೊಳ್ಳುತ್ತದೆ. ತಾಯಿ ಥೀಮ್‌ನಲ್ಲಿ (ನಿಮ್ಮ ಥೀಮ್ ಆಧರಿಸಿರುವ ಥೀಮ್) ಕರಾರುವಾಕ್ಕಾಗಿ 22ರದ್ದೇ ಇದ್ದರೂ ಅದರ ಸರದಿ ಆಮೇಲೆ. ನಿಮ್ಮ ಥೀಮ್‌ನಲ್ಲಿ ಬರೀ 16ರದ್ದೊಂದು ಪಿಎನ್‌ಜಿ ಇದ್ದರೆ ಅದನ್ನೇ ಹಿಗ್ಗಿಸಿ ತೋರಿಸಬಹುದು. ಐಕಾನ್ ಮಸುಕಾಗಿದೆ ಎಂಬ ಎಷ್ಟೋ ದೂರುಗಳ ಮೂಲ ಇಲ್ಲಿದೆ.

ಇಲ್ಲಿಯೂ ಇಲ್ಲವೆಂದರೆ ‘ಇನ್‌ಹೆರಿಟ್ಸ್’ ಸಾಲಿನಲ್ಲಿ ಹೆಸರಿಸಿದ ತಾಯಿ ಥೀಮ್‌ಗಳು, ಅಲ್ಲೂ ಇಲ್ಲದಿದ್ದರೆ ‘ಹೈಕಲರ್’ ಎಂಬ ಎಲ್ಲರಿಗೂ ಸಾಮಾನ್ಯವಾದ ಥೀಮ್, ಕೊನೆಗೆ ಯಾವ ಥೀಮ್‌ಗೂ ಸೇರದ ಬಿಡಿ ಚಿತ್ರಗಳು. ಅಲ್ಲಿಯೂ ಸಿಗದಿದ್ದರೆ ಖಾಲಿ ಜಾಗ, ಇಲ್ಲವೇ ಮುರಿದ ಚಿತ್ರದ ಗುರುತು.

ಹೈಕಲರ್ ಕೊನೇ ಆಸರೆಯಾದರೆ ಅದರಲ್ಲಿ ಎಲ್ಲ ಐಕಾನ್‌ಗಳೂ ಇರಬೇಕಲ್ಲವೇ?

ಇರಬೇಕು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಹೈಕಲರ್ ಪ್ಯಾಕೇಜ್ ಹಾಕಿದರೆ ಸಿಗುವುದು ಒಂದು ಖಾಲಿ ಕಪಾಟು: ಫೋಲ್ಡರ್‌ಗಳ ಚೌಕಟ್ಟು ಮತ್ತು ಒಂದು ‘ಇಂಡೆಕ್ಸ್.ಥೀಮ್’. ಚಿತ್ರ ಒಂದೂ ಇಲ್ಲ. ಆಪ್‌ಗಳು ತಂತಮ್ಮ ಐಕಾನ್‌ಗಳನ್ನು ಅಲ್ಲಿ ತಂದಿಡಲಿ ಎಂಬುದಷ್ಟೇ ಏರ್ಪಾಡು.

ನನ್ನ ಲೆಕ್ಕದಲ್ಲಿ ಇಡೀ ತಕರಾರಿನ ಬೇರು ಇದೇ. ಮಾನದಂಡ ಹೆಸರು ಕೊಟ್ಟಿತು, ಹುಡುಕುವ ದಾರಿ ಹೇಳಿತು. ಚಿತ್ರ ಬರೆದು ಇಡುವ ಹೊಣೆ ಯಾರದ್ದು ಎಂದು ಹೇಳಲಿಲ್ಲ. ಟ್ಯಾಂಗೊ ಕಾಲದಲ್ಲಿ ಆ ಹೊಣೆಯನ್ನು ಡೆಸ್ಕ್‌ಟಾಪ್‌ಗಳು ತಾವಾಗಿ ಹೊತ್ತಿದ್ದರಿಂದ ಕೊರತೆ ಕಾಣಲಿಲ್ಲ. ಹೊತ್ತವರಲ್ಲಿ ಒಬ್ಬರು ಕೆಳಗಿಟ್ಟ ದಿನ ಎಲ್ಲರಿಗೂ ಕಂಡಿತು.

ಹೆಸರುಗಳ ಪಟ್ಟಿಯಲ್ಲಿ ಏನು ಕೊರತೆ?

ಪಟ್ಟಿ ಹಳೆಯದಾಗಿದೆ. ಸಾಧನಗಳ ವಿಭಾಗ ತೆಗೆದು ನೋಡಿ: ಫ್ಲಾಪಿ ಇದೆ, ಟೇಪ್ ಇದೆ, ಮೋಡೆಮ್ ಇದೆ, ಪಿಡಿಎ ಕೂಡ ಇದೆ. ಆದರೆ ಇವತ್ತು ಹೆಚ್ಚುಕಡಿಮೆ ಎಲ್ಲ ಆಪ್‌ಗಳ ಮೂಲೆಯಲ್ಲಿರುವ ಮೂರು ಗೆರೆಯ ಮೆನು ಬಟನ್‌ಗೆ ಪಟ್ಟಿಯಲ್ಲಿ ಹೆಸರಿಲ್ಲ. ಹೆಸರಿಲ್ಲದ ಕಾರಣ ಗ್ನೋಮ್ ಅದನ್ನು ‘ಓಪನ್-ಮೆನು-ಸಿಂಬಾಲಿಕ್’ ಎಂದಿತು, ಮೂರು ಚುಕ್ಕಿಯದ್ದಕ್ಕೆ ‘ವ್ಯೂ-ಮೋರ್-ಸಿಂಬಾಲಿಕ್’ ಎಂದಿತು. ಕೆಡಿಇ ಮೊದಲನೆಯದಕ್ಕೆ ‘ಅಪ್ಲಿಕೇಶನ್-ಮೆನು’, ಎರಡನೆಯದಕ್ಕೆ ‘ಓವರ್‌ಫ್ಲೋ-ಮೆನು’ ಎಂದಿತು. ಎರಡೂ ಕಡೆ ಸಲ್ಲುವ ಥೀಮ್ ಬರೆಯುವವರು ಈಗ ಎರಡೂ ಕಡೆಯ ಹೆಸರುಗಳನ್ನು ಲಿಂಕ್ ಮಾಡಿಕೊಳ್ಳಬೇಕು. 2005ಕ್ಕೆ ಮುಂಚಿನ ಪಾಡು ಹಿಂದಿನ ಬಾಗಿಲಿಂದ ಒಳಬಂದಂತಾಯಿತು.

ಬ್ಯಾಟರಿಯ ಕಥೆ ಇನ್ನೂ ಸ್ಪಷ್ಟ. ಸ್ಥಿತಿ ಸೂಚಿಸುವ ವಿಭಾಗದಲ್ಲಿ ಬ್ಯಾಟರಿಗೆ ಇರುವುದು ‘ಬ್ಯಾಟರಿ-ಕಾಷನ್’, ‘ಬ್ಯಾಟರಿ-ಲೋ’ ಎರಡೇ. ಎಷ್ಟು ಶೇಕಡಾ ಉಳಿದಿದೆ, ಚಾರ್ಜ್ ಆಗುತ್ತಿದೆಯೇ ಎಂದು ತೋರಿಸದ ಲ್ಯಾಪ್‌ಟಾಪ್ ಈಗ ಎಲ್ಲಿದೆ? ಹಾಗಾಗಿ 80 ಶೇಕಡಾ ಚಾರ್ಜ್ ಆಗುತ್ತಿರುವುದಕ್ಕೆ ಕೆಡಿಇಯ ಐಕಾನ್ ಥೀಮ್ ಬ್ರೀಝ್‌ನಲ್ಲಿ ‘ಬ್ಯಾಟರಿ-080-ಚಾರ್ಜಿಂಗ್’, ಗ್ನೋಮ್‌ನಲ್ಲಿ ‘ಬ್ಯಾಟರಿ-ಲೆವೆಲ್-80-ಚಾರ್ಜಿಂಗ್-ಸಿಂಬಾಲಿಕ್’. ವಿದ್ಯುತ್ ಸ್ಥಿತಿ ತಿಳಿಸುವ ಯುಪವರ್ ಸೇವೆ ಕೊಡುವ ಹೆಸರು ಇವೆರಡಕ್ಕಿಂತ ಬೇರೆ, ‘ಬ್ಯಾಟರಿ-ಫುಲ್-ಚಾರ್ಜಿಂಗ್-ಸಿಂಬಾಲಿಕ್’ ತರಹದ್ದು. ಯಾರೂ ಮಾನದಂಡ ಮುರಿದಿಲ್ಲ. ಮಾನದಂಡ ಮೌನವಾಗಿರುವ ಕಡೆ ಎಲ್ಲರೂ ತಂತಮ್ಮ ದಾರಿ ಹಿಡಿದಿದ್ದಾರೆ.

ಹೆಸರಿನಲ್ಲಿರುವ ಅಡ್ಡಗೆರೆಗಳಿಗೆ ಅರ್ಥವಿದೆಯೇ?

ಇದೆ, ಮತ್ತು ಈ ವಿಷಯದಲ್ಲಿರುವ ಭಿನ್ನಾಭಿಪ್ರಾಯ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದಾಗಿ ಕಾಣುತ್ತದೆ.

ಎಡದಿಂದ ಬಲಕ್ಕೆ ಹೋದಂತೆ ಹೆಸರು ಹೆಚ್ಚು ಹೆಚ್ಚು ನಿರ್ದಿಷ್ಟವಾಗುತ್ತದೆ. ಮಾನದಂಡವೇ ಕೊಡುವ ಉದಾಹರಣೆ: ‘ಇನ್‌ಪುಟ್-ಮೌಸ್-ಯುಎಸ್‌ಬಿ’ ಸಿಗದಿದ್ದರೆ ‘ಇನ್‌ಪುಟ್-ಮೌಸ್’ ತೋರಿಸಿದರೆ ನಡೆಯುತ್ತದೆ. ಆದರೆ ಪ್ರಶ್ನೆ ಹೀಗೂ ಬರುತ್ತದೆ: ನಿಮ್ಮ ಥೀಮ್‌ನಲ್ಲಿ ಸಾಮಾನ್ಯ ಮೌಸ್ ಮಾತ್ರ ಇದೆ, ತಾಯಿ ಥೀಮ್‌ನಲ್ಲಿ ಯುಎಸ್‌ಬಿ ಮೌಸ್ ಇದೆ. ಯಾವುದನ್ನು ತೋರಿಸಬೇಕು? ನಿಮ್ಮ ಥೀಮ್‌ನ ಸಾಮಾನ್ಯ ಮೌಸನ್ನೇ ತೋರಿಸಿ, ಶೈಲಿ ಕೆಡಬಾರದು ಎನ್ನುತ್ತದೆ ಮಾನದಂಡ.

ಮೌಸ್‌ಗೆ ಇದು ಸರಿ. ಈಗ ಇದೇ ನಿಯಮವನ್ನು ‘ಬ್ಯಾಟರಿ-080-ಚಾರ್ಜಿಂಗ್’ ಮೇಲೆ ಓಡಿಸಿ. ಕೊನೇ ಭಾಗ ಕಳೆದರೆ ‘ಬ್ಯಾಟರಿ-080’, ಚಾರ್ಜ್ ಆಗುತ್ತಿರುವ ಸುದ್ದಿ ಹೋಯಿತು. ಇನ್ನೊಂದು ಭಾಗ ಕಳೆದರೆ ಬರೀ ‘ಬ್ಯಾಟರಿ’, ಎಷ್ಟಿದೆ ಎಂಬುದೂ ಹೋಯಿತು. ತಾಯಿ ಥೀಮ್‌ನಲ್ಲಿ ಸರಿಯಾದ ಐಕಾನ್ ಇದ್ದರೂ ನೀವು ನೋಡುವುದು ಏನನ್ನೂ ಹೇಳದ ಒಂದು ಬ್ಯಾಟರಿ ಚಿತ್ರ. ಶೈಲಿ ಉಳಿಯಿತು, ಅರ್ಥ ಕಳೆದುಹೋಯಿತು.

ಜಿಟಿಕೆ ಇದಕ್ಕೊಂದು ವಿನಾಯಿತಿ ಮಾಡಿಕೊಂಡಿತು. ಹೆಸರಿನ ಕೊನೆಯಲ್ಲಿ ‘-ಸಿಂಬಾಲಿಕ್’ (ಒಂಟಿ ಬಣ್ಣದ ಐಕಾನ್ ಎಂಬ ಗುರುತು) ಇದ್ದರೆ ಆ ಹೆಸರಿಗಾಗಿ ಸರಪಳಿಯಲ್ಲಿರುವ ಎಲ್ಲ ಥೀಮ್‌ಗಳನ್ನೂ ಮೊದಲು ಹುಡುಕುತ್ತದೆ, ಆಮೇಲಷ್ಟೇ ಬಣ್ಣದ ಐಕಾನ್‌ಗೆ ಇಳಿಯುತ್ತದೆ. ಕೆಡಿಇ ಆಪ್‌ಗಳನ್ನು ಕಟ್ಟುವ ಪರಿಕರ ಕ್ಯೂಟಿಯ ಕೆಲವು ಹಳೇ ಆವೃತ್ತಿಗಳು ಥೀಮ್‌ನೊಳಗೇ ಅಡ್ಡಗೆರೆ ಕಳೆಯುತ್ತಾ ನೋಡಿ ಆಮೇಲೆ ತಾಯಿ ಥೀಮ್‌ಗೆ ಹೋಗುತ್ತಿದ್ದವು. ಒಂದೇ ಗಣಕ, ಒಂದೇ ಥೀಮ್, ಎರಡು ಆಪ್, ಎರಡು ಫಲಿತಾಂಶ. ಸ್ಥಿತಿ ತಿಳಿಸುವ ಐಕಾನ್‌ಗಳಿಗೆ ಅರ್ಥವೇ ಮೊದಲು, ಉಳಿದವಕ್ಕೆ ಶೈಲಿ ಮೊದಲು ಎಂದು ಮಾನದಂಡವೇ ಭೇದ ಮಾಡಬೇಕಿತ್ತು ಎಂಬುದು ನನ್ನ ನಿಲುವು.

ಸಿಂಬಾಲಿಕ್ ಐಕಾನ್ ಕಪ್ಪು ಹಿನ್ನೆಲೆಯಲ್ಲಿ ಯಾಕೆ ಕಾಣೆಯಾಗುತ್ತದೆ?

2011ರಲ್ಲಿ ಗ್ನೋಮ್ 3 ಜೊತೆ ಈ ಒಂಟಿ ಬಣ್ಣದ, 16 ಪಿಕ್ಸೆಲ್ ಚೌಕದ ಐಕಾನ್‌ಗಳು ಬಳಕೆಗೆ ಬಂದವು. ಅಕ್ಷರದ ಬಣ್ಣ ಯಾವುದೋ ಐಕಾನ್‌ಗೂ ಅದೇ ಬಣ್ಣ ಎಂಬುದು ತತ್ವ. ಬಣ್ಣ ಬದಲಿಸುವ ರೀತಿಯಲ್ಲಿ ಮಾತ್ರ ಎರಡು ದಾರಿ. ಜಿಟಿಕೆ ಎಸ್‌ವಿಜಿಯೊಳಗಿನ ಬಣ್ಣವನ್ನು ಬಹುಮಟ್ಟಿಗೆ ಬದಿಗಿಟ್ಟು ತನ್ನದನ್ನು ಮೇಲೆ ಹೇರುತ್ತದೆ. ಎಚ್ಚರಿಕೆ, ದೋಷ, ಯಶಸ್ಸು ಎಂಬ ಮೂರು ಗುರುತುಗಳಿಗೆ ಮಾತ್ರ ಬೇರೆ ಬಣ್ಣ. ಕೆಡಿಇಯಲ್ಲಿ ಎಸ್‌ವಿಜಿ ಫೈಲಿನೊಳಗೇ ಒಂದು ಸಣ್ಣ ಸ್ಟೈಲ್‌ಶೀಟ್ ಇರಬೇಕು, ಆಕಾರಗಳಿಗೆ ‘ಕಲರ್‌ಸ್ಕೀಮ್-ಟೆಕ್ಸ್ಟ್’ ಎಂಬಂಥ ಗುರುತಿರಬೇಕು. ಆಗ ಮಾತ್ರ ಬಣ್ಣ ಬದಲಾಗುತ್ತದೆ. ಗ್ನೋಮ್‌ಗಾಗಿ ಬರೆದ ಐಕಾನ್‌ನಲ್ಲಿ ಆ ಗುರುತು ಇಲ್ಲದಿದ್ದರೆ ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದ ಕಪ್ಪು ಪ್ಯಾನೆಲ್ ಮೇಲೆ ಅದು ಕಪ್ಪಾಗಿಯೇ ಕೂರುತ್ತದೆ.

ಗ್ನೋಮ್‌ನಲ್ಲಿ ಕೆಡಿಇ ಆಪ್ ತೆರೆದರೆ ಕೆಲವು ಬಟನ್ ಖಾಲಿ ಬರುವುದೇಕೆ?

ಗ್ನೋಮ್‌ನ ಐಕಾನ್ ಥೀಮ್ ಅದ್ವೈತ. ಹಿಂದೆ ಗ್ನೋಮ್ ತಂಡ ಹೆಸರಿನ ಪಟ್ಟಿಯಲ್ಲಿದ್ದ ಐಕಾನ್‌ಗಳನ್ನೆಲ್ಲ ಬಣ್ಣದಲ್ಲಿ, ಹಲವು ಗಾತ್ರಗಳಲ್ಲಿ ಕೊಡುತ್ತಿತ್ತು. ಗ್ನೋಮ್ ಆಪ್‌ಗಳಿಗೆ ಅವು ಬೇಡವಾದವು. 2009ರ ಗ್ನೋಮ್ 2.28ರಲ್ಲೇ ಮೆನುಗಳಿಂದ ಐಕಾನ್ ತೆಗೆದಿದ್ದರು, ಜಿಟಿಕೆ 3.10ರಲ್ಲಿ ಹಳೇ ಸ್ಟಾಕ್ ಐಕಾನ್‌ಗಳನ್ನು ಕೈಬಿಡಲು ಹೇಳಿದ್ದರು. ಬಳಸದ ನೂರಾರು ಚಿತ್ರಗಳನ್ನು ನೋಡಿಕೊಳ್ಳುವುದು ಬೇಡವೆಂದು ಈಚಿನ ವರ್ಷಗಳಲ್ಲಿ ಅವನ್ನು ಅದ್ವೈತದಿಂದ ಹೊರತೆಗೆದು ‘ಲೆಗಸಿ’ ಎಂಬ ಬೇರೆ ಪ್ಯಾಕೇಜ್‌ಗೆ ಹಾಕಿದರು. ಅದ್ವೈತ ಇರುವುದು ಗ್ನೋಮ್‌ನ ಮುಖ್ಯ ಆಪ್‌ಗಳ ಸ್ವಂತ ಬಳಕೆಗೆ, ಬೇರೆಯವರು ಅದನ್ನು ನೆಚ್ಚಿಕೊಳ್ಳಬಾರದು ಎಂದೂ ಹೇಳಿದರು.

ಆದರೆ ಗ್ನೋಮ್‌ನಲ್ಲಿ ಓಡುವ ಕೆಡಿಇ ಆಪ್ ಕೂಡ ವ್ಯವಸ್ಥೆಯ ಥೀಮ್ ಯಾವುದೋ ಅದರಲ್ಲೇ ಹುಡುಕುತ್ತದೆ. ಥೀಮ್ ಅದ್ವೈತ, ಅದರಲ್ಲಿ ಐಕಾನ್ ಇಲ್ಲ, ಲೆಗಸಿ ಪ್ಯಾಕೇಜ್ ಹಾಕಿರದಿದ್ದರೆ ಉಳಿಯುವ ತಾಯಿ ಥೀಮ್ ಹೈಕಲರ್, ಅದು ಖಾಲಿ. ಬಟನ್ ಕೂಡ ಖಾಲಿ. ಮಾನದಂಡವನ್ನು ನಂಬಿ ಬರೆದ ಆಪ್‌ಗೆ ಬಂದ ಶಿಕ್ಷೆ ಇದು.

2024ರಲ್ಲಿ ಕೆಡಿಇ ಕಡೆಯವರು ಬೇರೆ ದಾರಿ ಹಿಡಿದರು: ಪ್ಲಾಸ್ಮಾ ಇಲ್ಲದ ಕಡೆ ಓಡುವಾಗ ಆಪ್ ತನ್ನ ಬ್ರೀಝ್ ಐಕಾನ್‌ಗಳನ್ನು ಜೊತೆಗೇ ಒಯ್ಯುವ ಏರ್ಪಾಡು. ಅದನ್ನು ಅಳವಡಿಸಿಕೊಂಡ ಆಪ್‌ಗಳಲ್ಲಿ ಬಟನ್‌ಗಳು ತುಂಬಿದವು. ಆದರೆ ಅಲ್ಲಿ ಬಳಸುವವರ ಥೀಮ್‌ಗಿಂತ ಬ್ರೀಝ್‌ನ ಮಾತೇ ಹೆಚ್ಚು ನಡೆಯುತ್ತದೆ. ಲಿನಕ್ಸ್ ಮಿಂಟ್ ತಂಡ ಕೂಡ ತಮ್ಮ ಆಪ್‌ಗಳಿಗೆಂದು ಎಕ್ಸ್‌ಆಪ್ ಸಿಂಬಾಲಿಕ್ ಐಕಾನ್‌ಗಳೆಂಬ ಬೇರೆಯೇ ಗುಂಪು ಮಾಡಿಕೊಂಡಿದೆ.

ಹಾಗಾದರೆ ತಪ್ಪು ಗ್ನೋಮ್‌ನದ್ದೇ?

ಪೂರ್ತಿ ಅಲ್ಲ. ಯಾರೋ ಬೇರೆಯವರ ಆಪ್‌ಗಾಗಿ ಚಿತ್ರ ಬರೆದು ಕಾಯ್ದುಕೊಂಡು ಕೂರಬೇಕೆಂದು ಸ್ವಯಂಸೇವಕರನ್ನು ಬಲವಂತ ಮಾಡಲಾಗದು. ಒಂದು ಐಕಾನ್‌ನ ರೂಪ ಬದಲಿಸಿದರೆ ಗೊತ್ತಿಲ್ಲದ ಯಾವುದೋ ಆಪ್‌ನಲ್ಲಿ ಅದಕ್ಕೆ ತಪ್ಪು ಅರ್ಥ ಬರುತ್ತದೆ ಎಂಬ ಅವರ ಅಳಲು ನಿಜದ್ದು. ಆಪ್ ತನಗೆ ಬೇಕಾದ ಐಕಾನ್‌ಗಳನ್ನು ತಾನೇ ತರಲಿ ಎಂಬ ಅವರ ಸಲಹೆಯನ್ನು ನಾನು ಒಪ್ಪುತ್ತೇನೆ. ಅದಕ್ಕೆಂದೇ ಐಕಾನ್ ಲೈಬ್ರರಿ ಎಂಬ ಆಪ್ ಕೂಡ ಕೊಟ್ಟಿದ್ದಾರೆ, ಬೇಕಾದ ಸಿಂಬಾಲಿಕ್ ಐಕಾನ್ ಆರಿಸಿ ನಿಮ್ಮ ಯೋಜನೆಯೊಳಗೆ ಸೇರಿಸಿಕೊಳ್ಳಬಹುದು.

ನಾನು ಒಪ್ಪದಿರುವುದು ಅನುಕ್ರಮವನ್ನು. ಮಾನದಂಡದಿಂದ ಹೊರಗೆ ನಡೆಯುವ ಮೊದಲು ಮಾನದಂಡವನ್ನು ತಿದ್ದಬೇಕಿತ್ತು. ಹೈಕಲರ್‌ಗೆ ಒಂದು ಚಿಕ್ಕ, ನಿಜವಾದ ಚಿತ್ರಗಳ ಗುಂಪು ಸೇರಿಸಿ, ‘ಇಷ್ಟು ಎಲ್ಲೆಡೆ ಖಂಡಿತ ಸಿಗುತ್ತದೆ’ ಎಂದು ಬರೆದಿದ್ದರೆ ಅದ್ವೈತ ಎಷ್ಟು ಬೇಕಾದರೂ ಚಿಕ್ಕದಾಗಬಹುದಿತ್ತು, ಯಾರಿಗೂ ಪೆಟ್ಟು ಬೀಳುತ್ತಿರಲಿಲ್ಲ.

‘ನಮ್ಮ ಆಪ್‌ಗಳಿಗೆ ಥೀಮ್ ಹಾಕಬೇಡಿ’ ಎಂಬ ಪತ್ರ ಏನು?

2019ರ ಮೇ ತಿಂಗಳಲ್ಲಿ ಗ್ನೋಮ್ ಆಪ್ ಬರೆಯುವ ಕೆಲವರು ಸೇರಿ ಒಂದು ಬಹಿರಂಗ ಪತ್ರ ಪ್ರಕಟಿಸಿದರು. ಹೆಚ್ಚಿನ ಭಾಗ ಬಣ್ಣ, ವಿನ್ಯಾಸಗಳ ಥೀಮ್ ಬಗ್ಗೆ ಇದ್ದರೂ ಐಕಾನ್ ವಿಷಯವೂ ಅದರಲ್ಲಿತ್ತು. ಥೀಮ್ ಬದಲಾದರೆ ಬಟನ್ ಹೇಳಬೇಕಾದ ಅರ್ಥವೇ ಬದಲಾಗಬಹುದು, ಆಪ್‌ನ ಐಕಾನ್ ಅದರ ಗುರುತಾದ್ದರಿಂದ ಬೇರೆಯವರು ಅದನ್ನು ಬದಲಿಸಬಾರದು ಎಂಬ ವಾದ. ಅವರ ಮಾತು ಡಿಸ್ಟ್ರೋಗಳಿಗೆ. ಮನೆಯಲ್ಲಿ ತನ್ನ ಗಣಕಕ್ಕೆ ಬೇಕಾದಂತೆ ಅಲಂಕಾರ ಮಾಡಿಕೊಳ್ಳುವವರ ಮೇಲೆ ಆಕ್ಷೇಪವಿಲ್ಲ ಎಂದು ಪತ್ರದಲ್ಲೇ ಸ್ಪಷ್ಟಪಡಿಸಿದ್ದರು. ಈ ಭಾಗವನ್ನು ಬಹಳ ಮಂದಿ ಓದದೆ ಕೋಪಗೊಂಡರು.

ಡಿಸ್ಟ್ರೋ ಒಂದು ಥೀಮನ್ನು ಪೂರ್ವನಿಯೋಜಿತವಾಗಿ ಹಾಕಿದಾಗ ಬರುವ ದೂರುಗಳು ಹೋಗುವುದು ಆಪ್ ಬರೆದವರ ಬಳಿಗೆ. ಉಬುಂಟು ತನ್ನ ‘ಯಾರು’ (Yaru) ಎಂಬ ಹೆಸರಿನ ಥೀಮನ್ನು, ಪಾಪ್ ಓಎಸ್ ತನ್ನದನ್ನು ಹಾಕಿಕೊಂಡಿವೆ, ಅವುಗಳ ಹಿಂದೆ ಶ್ರದ್ಧೆಯ ಕೆಲಸವಿದೆ. ಆದರೂ ಸಾವಿರಾರು ಆಪ್‌ಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ನೋಡುವುದು ಯಾವ ಡಿಸ್ಟ್ರೋಗೂ ಸಾಧ್ಯವಿಲ್ಲ.

ಪಪೈರಸ್, ನ್ಯೂಮಿಕ್ಸ್ ತರಹದ ಥೀಮ್‌ಗಳೂ ಕೆಲವು ಆಪ್‌ಗಳನ್ನು ಬಿಟ್ಟುಬಿಡುತ್ತವಲ್ಲ?

ಕೆಲವು ಆಪ್‌ಗಳು ಹೆಸರಿನ ಬದಲು ಚಿತ್ರದ ಪೂರ್ತಿ ದಾರಿಯನ್ನೇ ತಮ್ಮ ಡೆಸ್ಕ್‌ಟಾಪ್ ಫೈಲಿನಲ್ಲಿ (ಮೆನುವಿಗೆ ಆಪ್‌ನ ಹೆಸರು, ಐಕಾನ್ ತಿಳಿಸುವ ಫೈಲು) ಬರೆದಿರುತ್ತವೆ. ಅಲ್ಲಿ ಥೀಮ್‌ಗೆ ಪ್ರವೇಶವೇ ಇಲ್ಲ. ಇನ್ನೊಂದು ಕಾರಣ ಹೆಸರು ಬದಲಾದದ್ದು. ಯಾವ ಡಿಸ್ಟ್ರೋದಲ್ಲೂ ಆಪ್ ಹಾಕಿಕೊಳ್ಳಲು ಬಿಡುವ ಫ್ಲಾಟ್‌ಪ್ಯಾಕ್ ಬಂದ ಮೇಲೆ ಆಪ್‌ನ ಐಕಾನ್ ಹೆಸರು ಆಪ್‌ನ ಗುರುತಿನಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಅದು ಹೊರಗೆ ಕಾಣುವುದಿಲ್ಲ. ‘ಜಿಎಡಿಟ್’ ಎಂದಿದ್ದದ್ದು ‘ಆರ್ಗ್.ಗ್ನೋಮ್.ಜಿಎಡಿಟ್’ ಆಯಿತು. ಹಳೇ ಹೆಸರಿಗೆ ಬರೆದ ಚಿತ್ರಗಳು ಥೀಮ್‌ನಲ್ಲಿ ಇದ್ದೂ ಇಲ್ಲದಂತಾದವು. ಎರಡೂ ಹೆಸರಿಗೆ ಲಿಂಕ್ ಇಟ್ಟು ಬದುಕಿಸಿಕೊಂಡವರು ಥೀಮ್ ಬರೆಯುವ ಸ್ವಯಂಸೇವಕರು. ಅವರ ಈ ಕಣ್ಣಿಗೆ ಕಾಣದ ದುಡಿಮೆಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಟ್ರೇ ಐಕಾನ್ ಮಾತ್ರ ಬದಲಾಗುವುದಿಲ್ಲ, ಏಕೆ?

ಟ್ರೇಯಲ್ಲಿ (ಪ್ಯಾನೆಲ್‌ನ ಮೂಲೆಯಲ್ಲಿ ಹಿನ್ನೆಲೆಯ ಆಪ್‌ಗಳು ಕಾಣುವ ಜಾಗ) ಆಪ್ ಐಕಾನ್‌ನ ಹೆಸರನ್ನಾದರೂ ಕೊಡಬಹುದು, ನೇರವಾಗಿ ಪಿಕ್ಸೆಲ್‌ಗಳನ್ನಾದರೂ ಕೊಡಬಹುದು. ಪಿಕ್ಸೆಲ್ ಕೊಟ್ಟರೆ ಥೀಮ್ ಏನೂ ಮಾಡುವಂತಿಲ್ಲ. ಗ್ನೋಮ್ 2017ರ 3.26ರಲ್ಲಿ ಹಳೇ ಟ್ರೇಯನ್ನೇ ತೆಗೆದುಹಾಕಿತು. ಉಬುಂಟು ಒಂದು ಎಕ್ಸ್‌ಟೆನ್ಷನ್ ಸೇರಿಸಿ ಅದನ್ನು ಉಳಿಸಿಕೊಂಡಿದೆ.

ಕನ್ನಡ ಕೀಬೋರ್ಡ್‌ಗೆ ಯಾವ ಐಕಾನ್?

ಹೆಸರುಗಳ ಮಾನದಂಡದಲ್ಲಿ ಅಂತರರಾಷ್ಟ್ರೀಯ ಎಂಬ ವಿಭಾಗವೊಂದಿದೆ. ಅದರಲ್ಲಿರುವುದು ಬಾವುಟಗಳು ಮಾತ್ರ, ಅದೂ ದೇಶದ ಎರಡಕ್ಷರದ ಸಂಕೇತಕ್ಕೊಂದರಂತೆ. ಭಾಷೆಗೆ ಜಾಗವಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಎನ್ನುವುದು ಭಾರತದ ವಿನ್ಯಾಸದ ಒಂದು ಬಗೆ. ಕಗಪ ವಿನ್ಯಾಸ ಇನ್ನೊಂದು ಬಗೆ. ಬಾವುಟ ತೋರಿಸುವ ಡೆಸ್ಕ್‌ಟಾಪ್‌ನಲ್ಲಿ ಕನ್ನಡಕ್ಕೂ ಹಿಂದಿಗೂ ತಮಿಳಿಗೂ ಒಂದೇ ತ್ರಿವರ್ಣ ಬರುತ್ತದೆ. ಈಗ ಯಾವುದರಲ್ಲಿ ಟೈಪ್ ಮಾಡುತ್ತಿದ್ದೇನೆಂದು ಅದರಿಂದ ತಿಳಿಯುವ ಮಾರ್ಗವೇ ಇಲ್ಲ. ‘ಕೆಎನ್’ ಎಂಬ ಅಕ್ಷರಗಳನ್ನು ತೋರಿಸುವ ಡೆಸ್ಕ್‌ಟಾಪ್‌ಗಳು ನಮಗೆ ವಾಸಿ. ನಿಮ್ಮಲ್ಲಿ ಬಾವುಟ ಬರುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಅಕ್ಷರದ ಗುರುತಿಗೆ ಬದಲಿಸುವ ಆಯ್ಕೆ ಇದೆಯೇ ನೋಡಿ. ಒಂದು ದೇಶದಲ್ಲಿ ಹತ್ತಾರು ಲಿಪಿಗಳಿರುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪಟ್ಟಿ ಇದು. ತಿದ್ದುಪಡಿ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ನಮಗಿದೆ.

ಹೊಸ ಐಕಾನ್ ಫೋಲ್ಡರ್‌ಗೆ ಹಾಕಿದೆ, ಕಾಣುತ್ತಿಲ್ಲ. ಏನು ಮಾಡಲಿ?

ಮೂರು ಕಡೆ ನೋಡಿ. ‘ಇಂಡೆಕ್ಸ್.ಥೀಮ್’ನಲ್ಲಿ ಆ ಒಳಫೋಲ್ಡರ್‌ನ ಹೆಸರು ಇದೆಯೇ? ಇಲ್ಲದಿದ್ದರೆ ಯಾರೂ ಅಲ್ಲಿ ಹುಡುಕುವುದಿಲ್ಲ. ಎರಡನೆಯದು, ಥೀಮ್ ಫೋಲ್ಡರ್‌ನಲ್ಲಿ ‘ಐಕಾನ್-ಥೀಮ್.ಕ್ಯಾಶ್’ ಫೈಲಿದ್ದರೆ ‘ಜಿಟಿಕೆ-ಅಪ್‌ಡೇಟ್-ಐಕಾನ್-ಕ್ಯಾಶ್’ ಆದೇಶ ಮತ್ತೆ ಓಡಿಸಿ. ಮೂರನೆಯದು ಜಾಗ. ಮಾನದಂಡದ ಪಠ್ಯದಲ್ಲಿ ಹೋಮ್ ಫೋಲ್ಡರ್‌ನ ‘.ಐಕಾನ್ಸ್’ ಮೊದಲು ಬರುತ್ತದೆ, ಅದೂ ಹಳೆಯದಕ್ಕೆ ಹೊಂದಲಿ ಎಂದು. ರೂಢಿಯಲ್ಲಿ ಎಲ್ಲರೂ ‘.ಲೋಕಲ್’ ಒಳಗಿನ ‘ಶೇರ್/ಐಕಾನ್ಸ್’ ಬಳಸುತ್ತಾರೆ. ಎರಡೂ ಕಡೆ ಒಂದೇ ಹೆಸರಿನ ಥೀಮ್ ಇದ್ದರೆ ಗೊಂದಲ ಖಚಿತ. ಒಂದನ್ನು ಅಳಿಸಿ.

ಐಕಾನ್‌ಗಳನ್ನು ಬೇರೆ ಥೀಮ್‌ನಿಂದ ತೆಗೆದುಕೊಂಡು ನನ್ನ ಆಪ್‌ನಲ್ಲಿ ಸೇರಿಸಬಹುದೇ?

ಪರವಾನಗಿ ನೋಡಿ ಸೇರಿಸಿ. ಟ್ಯಾಂಗೊ ಐಕಾನ್‌ಗಳನ್ನು 2009ರಲ್ಲಿ ಸಾರ್ವಜನಿಕ ಸ್ವತ್ತು ಮಾಡಿದರು, ಅವಕ್ಕೆ ಯಾವ ನಿರ್ಬಂಧವೂ ಇಲ್ಲ. ಬ್ರೀಝ್ ಎಲ್‌ಜಿಪಿಎಲ್, ಪಪೈರಸ್ ಜಿಪಿಎಲ್ 3. ಬ್ರ್ಯಾಂಡ್ ಲೋಗೊಗಳದ್ದು ಬೇರೆಯೇ ವಿಷಯ: 2006ರಲ್ಲಿ ಫೈರ್‌ಫಾಕ್ಸ್ ಲೋಗೊದ ಪರವಾನಗಿ ಒಪ್ಪಿಗೆಯಾಗದೆ ಡೆಬಿಯನ್ ಆ ಬ್ರೌಸರನ್ನು ಐಸ್‌ವೀಸಲ್ ಎಂಬ ಹೆಸರಿನಲ್ಲಿ ಕೊಡಬೇಕಾಯಿತು, ಹಳೇ ಹೆಸರು ಮರಳಿದ್ದು 2016ರಲ್ಲಿ.

ನಾನು ಆಪ್ ಬರೆಯುತ್ತಿದ್ದೇನೆ. ಈ ಜಗಳದ ನಡುವೆ ಏನು ಮಾಡುವುದು ಕ್ಷೇಮ?

ನಿಮ್ಮ ಆಪ್‌ನ ಮುಖ್ಯ ಐಕಾನ್ ಅನ್ನು ಆಪ್‌ನ ಪೂರ್ತಿ ಗುರುತಿನ ಹೆಸರಿನಲ್ಲಿ ಹೈಕಲರ್‌ನೊಳಗೆ ಎಸ್‌ವಿಜಿಯಾಗಿ ಇಡಿ, ಜೊತೆಗೊಂದು ಸಿಂಬಾಲಿಕ್ ರೂಪವೂ ಇರಲಿ. ಒಳಗಿನ ಬಟನ್‌ಗಳಲ್ಲಿ ‘ಡಾಕ್ಯುಮೆಂಟ್-ಸೇವ್’, ‘ಎಡಿಟ್-ಕಾಪಿ’ಯಂಥ ಹಳೆಯ, ಎಲ್ಲರೂ ಒಪ್ಪಿದ ಕೆಲಸಗಳಿಗೆ ಮಾನದಂಡದ ಹೆಸರನ್ನೇ ಬಳಸಿ, ಬಳಸುವವರ ಥೀಮ್‌ಗೆ ಗೌರವ ಸಿಗಲಿ. ಆದರೆ ಅದೇ ಹೆಸರಿನ ಒಂದೊಂದು ಪ್ರತಿಯನ್ನು ಆಪ್‌ನೊಳಗೇ ಇಟ್ಟು ಕೊನೇ ಆಸರೆಯಾಗಿ ಸೂಚಿಸಿ. ಕ್ಯೂಟಿಯಲ್ಲೂ ಜಿಟಿಕೆಯಲ್ಲೂ ಇದಕ್ಕೆ ಅವಕಾಶವಿದೆ. ನಿಮ್ಮ ಆಪ್‌ಗೆ ಮಾತ್ರ ಸಂಬಂಧಿಸಿದ ಕೆಲಸಕ್ಕೆ ಸಾಮಾನ್ಯ ಹೆಸರು ಕದಿಯಬೇಡಿ, ಮುಂದೆ ಆಪ್‌ನ ಹೆಸರು ಸೇರಿಸಿ. ಬರೀ ಐಕಾನ್ ಇರುವ ಬಟನ್‌ಗೆ ಪಠ್ಯದ ಸುಳಿವು ಕೊಡಲು ಮರೆಯಬೇಡಿ. ತೆರೆ ಓದುವ ತಂತ್ರಾಂಶ ಬಳಸುವವರಿಗೆ ಯಾವ ಥೀಮ್ ಇದ್ದರೂ ಒಂದೇ, ಅವರಿಗೆ ತಲುಪುವುದು ಆ ಪಠ್ಯ ಮಾತ್ರ.

ಬಿಡುಗಡೆಗೆ ಮುಂಚೆ ಅದ್ವೈತ, ಬ್ರೀಝ್, ಬರೀ ಹೈಕಲರ್ ಈ ಮೂರರಲ್ಲೂ ಆಪ್ ತೆರೆದು ನೋಡಿ. ಮೂರನೆಯದರಲ್ಲಿ ಎಲ್ಲ ಬಟನ್ ಕಂಡರೆ ಸಾಕು.

ಮಾನದಂಡವನ್ನು ತಿದ್ದಲು ಯಾರಾದರೂ ಮುಂದಾಗಬಹುದೇ?

ಆಗಬಹುದು. ದಾಖಲೆಗಳು ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿವೆ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಥೀಮ್ ಮಾನದಂಡಕ್ಕೆ ಹೆಚ್ಚು ಸಾಂದ್ರತೆಯ ತೆರೆಗಳಿಗಾಗಿ ‘ಸ್ಕೇಲ್’ ಎಂಬ ಸಾಲು ಸೇರಿದ್ದು ಹೀಗೆ ಎಲ್ಲರೂ ಕೂತು ಒಪ್ಪಿದ್ದರಿಂದ. ಹೆಸರುಗಳ ಪಟ್ಟಿಯಲ್ಲಿ ಅಂಥ ಒಪ್ಪಿಗೆ ಕಷ್ಟ, ಏಕೆಂದರೆ ಪ್ರತಿ ಹೆಸರಿನ ಹಿಂದೆ ಒಬ್ಬರ ಈಗಾಗಲೇ ಬಿಡುಗಡೆಯಾದ ಕೋಡ್ ಇರುತ್ತದೆ. 2024ರಲ್ಲಿ ಬಂದ ಕ್ಯೂಟಿ 6.7 ಹಳೇ ಪಟ್ಟಿಯ ಹೆಸರುಗಳನ್ನೇ ಆಧರಿಸಿ, ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್‌ಗಳಲ್ಲೂ ಅಲ್ಲಲ್ಲಿನ ಐಕಾನ್ ತೋರಿಸುವ ವ್ಯವಸ್ಥೆ ತಂದಿತು. ಅಂದರೆ ಲಿನಕ್ಸ್‌ನ ಒಳಜಗಳದಲ್ಲಿ ಸೊರಗಿದ ಪಟ್ಟಿ ಹೊರಗೆ ಇನ್ನೂ ಕೆಲಸಕ್ಕೆ ಬರುತ್ತಿದೆ.

ನೀವು ಶುರು ಮಾಡುವುದಾದರೆ ಮೂರು ಗೆರೆಯ ಮೆನುವಿನಿಂದ ಶುರು ಮಾಡಿ. ಗ್ನೋಮ್ ಬಳಸುವ ‘ಓಪನ್-ಮೆನು-ಸಿಂಬಾಲಿಕ್’ ಬ್ರೀಝ್‌ನಲ್ಲೂ ಈಗಾಗಲೇ ಇದೆ. ಎರಡೂ ಕಡೆ ಇರುವ ಹೆಸರಿಗೆ ತಕರಾರು ಕಡಿಮೆ. ಅದಾದ ಮೇಲೆ ಬ್ಯಾಟರಿ.